ಗೊಡ್ಡು ಹಸುವೂ ಸೊಂಪಾದ ಕೋಳಿಯೂ

ಹಸು ಬೆದೆಗೆ ಬಂದಿತು. ಹೋರಿಯ ಬಳಿಗೆ ಹೊಡೆದುಕೊಂಡು ಹೋದರು. ಇಪ್ಪತ್ತೊಂದು ದಿನ ಕಳೆಯಿತು. ಹಸು ಕೂಗಲಿಲ್ಲ. ಗಬ್ಬ ನಿಂತಿತೆಂದು ಮನೆಯವರಿಗೆಲ್ಲ ಸಂತೋಷ. ಮೂವತ್ತೋ ಮೂವತ್ತೈದೋ ದಿನಗಳಾದ ಮೇಲೆ ಒಂದು ಬೆಳಗ್ಗೆ ಅದೇ ಹಸು ಹಗ್ಗ ಜಗ್ಗುತ್ತ ಮತ್ತೆ ಕೂಗತೊಡಗುತ್ತದೆ. ಮತ್ತೆ ಹೋರಿ, ಮತ್ತೆ ಕಾಯುವಿಕೆ, ಮತ್ತೆ ನಿರಾಶೆ. ಹೀಗೆ ಮೂರು ಸಲ, ನಾಲ್ಕು ಸಲ ಆಯಿತೆಂದರೆ ಅದಕ್ಕೊಂದು ಹೆಸರು ಬೀಳುತ್ತದೆ: ಗೊಡ್ಡು. ಆ ಹೆಸರು ಹೊತ್ತ ಹಸುವಿನ ಮುಂದಿನ ದಾರಿ ಸಂತೆಯ ಕಡೆಗೆ. ಕರು ಹಾಕದ ಹಸುವಿಗೆ ಹುಲ್ಲು ಹಾಕುವ ಶಕ್ತಿ ಸಾಮಾನ್ಯ ಸಂಸಾರಗಳಿಗೆಲ್ಲಿಯದು?

ಕನ್ನಡವನ್ನು ಕಲಿಸಿ ಬದುಕುವವನಾದ ನನಗೆ ಇಲ್ಲಿ ಒಂದು ಮಾತು ಹೊಳೆಯುತ್ತದೆ. 'ಬಂಜೆ' ಎಂಬ ಪದಕ್ಕೆ ನಮ್ಮ ಬಳಕೆಯಲ್ಲಿ ಪುಲ್ಲಿಂಗವಿಲ್ಲ. 'ಗೊಡ್ಡು' ಎಂದಾಗಲೂ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಸುವೇ ಹೊರತು ಹೋರಿಯಲ್ಲ. ಹೋರಿ ದಷ್ಟಪುಷ್ಟವಾಗಿದೆ, ಮೈ ಮಿರುಗುತ್ತಿದೆ, ಗುಟುರು ಹಾಕುತ್ತಿದೆ. ಅದರಲ್ಲಿ ದೋಷವನ್ನು ಹುಡುಕುವವರಾರು? ಆದರೆ ಕೆಲವು ಮಂದೆಗಳಲ್ಲಿ ದೋಷ ಇರುವುದು ಅಲ್ಲಿಯೇ.

ಗೊಡ್ಡುತನಕ್ಕೆ ಕಾರಣಗಳು ಹಲವು. ಮೇವಿನ ಕೊರತೆ, ಖನಿಜಾಂಶಗಳ ಅಭಾವ, ಗರ್ಭಕೋಶದ ಬಾವು, ಬೆದೆಯ ಸಮಯವನ್ನು ಸರಿಯಾಗಿ ಗುರುತಿಸದಿರುವುದು, ಇವೆಲ್ಲವೂ ಉಂಟು. ಆದರೆ ಗರ್ಭ ನಿಂತಂತೆ ತೋರಿ, ಅನಂತರ ಲೆಕ್ಕ ತಪ್ಪಿ, ತಡವಾಗಿ ಮತ್ತೆ ಬೆದೆಗೆ ಬರುವ ಈ ಲಕ್ಷಣವು ಒಂದೇ ಹೋರಿಗೆ ಬಿಟ್ಟ ಹಲವು ಹಸುಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡಾಗ ಪಶುವೈದ್ಯರ ಸಂದೇಹ ಒಂದು ಸೂಕ್ಷ್ಮ ಜೀವಾಣುವಿನ ಕಡೆಗೆ ತಿರುಗುತ್ತದೆ. ಅದರ ಹೆಸರು ಕ್ಯಾಂಪಿಲೊಬ್ಯಾಕ್ಟರ್. ನಾಲಗೆ ತೊಡರುವ ಹೆಸರಾದರೂ ಅರ್ಥ ಸರಳವಾಗಿದೆ. ಗ್ರೀಕ್ ಭಾಷೆಯಲ್ಲಿ 'ಕಾಂಪಿಲೋಸ್' ಎಂದರೆ ಬಾಗಿದ, 'ಬ್ಯಾಕ್ಟೀರಿಯೋನ್' ಎಂದರೆ ಕಡ್ಡಿ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಡೊಂಕುಕಡ್ಡಿ'. ಸೂಕ್ಷ್ಮದರ್ಶಕದ ಕೆಳಗೆ ಅದು ಅಲ್ಪವಿರಾಮದ ಚಿಹ್ನೆಯಂತೆ ಕಾಣುತ್ತದೆ. ಎರಡು ಕೂಡಿಕೊಂಡರೆ ಹಾರುವ ಹಕ್ಕಿಯ ಬಿಚ್ಚಿದ ರೆಕ್ಕೆಗಳಂತೆ. ತುದಿಯಲ್ಲಿರುವ ನವುರಾದ ಬಾಲವನ್ನು ಬೀಸುತ್ತ, ತಿರುಪಿನ ಮೊಳೆಯಂತೆ ತಿರುಗುತ್ತ ಅದು ಲೋಳೆಯೊಳಗೆ ಮುನ್ನುಗ್ಗಬಲ್ಲುದು.

ಈ ಡೊಂಕುಕಡ್ಡಿಯ ಕುಲದಲ್ಲಿ ಹಲವು ಜಾತಿಗಳಿವೆ. ಒಂದು ಹಸುವಿನ ಬಸಿರನ್ನು ಕೆಡಿಸುತ್ತದೆ. ಮತ್ತೊಂದು ಕೋಳಿಯ ಕರುಳಿನಲ್ಲಿ ಯಾವ ಗದ್ದಲವೂ ಇಲ್ಲದೆ ನೆಲಸಿದ್ದು ಮನುಷ್ಯನ ಹೊಟ್ಟೆಗೆ ಬಂದಾಗ ಮಾತ್ರ ತನ್ನ ಗುಣವನ್ನು ತೋರಿಸುತ್ತದೆ. ಇಡೀ ಕುಲದ ಸ್ವಭಾವದಲ್ಲಿ ನನಗೆ ವಿಚಿತ್ರವೆಂದು ತೋರಿದುದು ಇದು: ರೋಗವನ್ನು ಹಂಚುವ ಪ್ರಾಣಿ ಎಷ್ಟೋ ವೇಳೆ ತಾನು ರೋಗಿಯಲ್ಲ. ನೋಡಿದವರಿಗೆ ಅದು ಆರೋಗ್ಯದ ಮೂರ್ತಿ.

ಕುರಿಯಿಂದ ಮೊದಲಾದ ಕಥೆ

ಈ ಜೀವಾಣುವನ್ನು ರೋಗಕಾರಕವೆಂದು ಮೊದಲು ಹಿಡಿದವರು ಮನುಷ್ಯರ ವೈದ್ಯರಲ್ಲ, ಪಶುವೈದ್ಯರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದನಕುರಿಗಳಲ್ಲಿ ಕಂದು ಹಾಕುವ ಪಿಡುಗು ಹಬ್ಬಿ, ಅದರ ಕಾರಣವನ್ನು ಶೋಧಿಸಲು ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಲಂಡನ್ನಿನ ರಾಯಲ್ ಪಶುವೈದ್ಯ ಕಾಲೇಜಿನ ಮುಖ್ಯಸ್ಥರಾಗಿದ್ದ ಸರ್ ಜಾನ್ ಮೆಕ್‌ಫೇಡಿಯನ್ ಮತ್ತು ಸರ್ಕಾರದ ಪಶುವೈದ್ಯಾಧಿಕಾರಿ ಸ್ಟೂವರ್ಟ್ ಸ್ಟಾಕ್‌ಮನ್ ಈ ಕೆಲಸಕ್ಕೆ ಕೈಹಾಕಿದರು. 1906ರಲ್ಲಿ ಗಬ್ಬದ ಕುರಿಯೊಂದರ ಗರ್ಭಕೋಶದ ಲೋಳೆಯನ್ನು ಪರೀಕ್ಷಿಸುವಾಗ ಅವರಿಗೆ ವಿಲಕ್ಷಣವಾದ ಒಂದು ಜೀವಾಣು ರಾಶಿರಾಶಿಯಾಗಿ ಕಾಣಿಸಿತು. ಆಕಾರದಲ್ಲಿ ಕಾಲರಾ ರೋಗಾಣುವನ್ನು ಹೋಲುತ್ತಿದ್ದುದರಿಂದ ಅದನ್ನೂ 'ವಿಬ್ರಿಯೊ' ಎಂಬ ಆ ಕುಲಕ್ಕೇ ಸೇರಿಸಿದರು. ಕುರಿಗಳ ಗರ್ಭಸ್ರಾವಕ್ಕೆ ಅದೇ ಕಾರಣವೆಂಬ ಅವರ ವರದಿ 1913ರಲ್ಲಿ ಹೊರಬಂದಿತು.

ಕುರಿಗಳಲ್ಲಿ ಈ ರೋಗದ ರೀತಿ ಭಯಂಕರವಾದುದು. ಈಯುವ ಕಾಲ ಇನ್ನು ಆರೆಂಟು ವಾರಗಳಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಒಂದಾದ ಮೇಲೊಂದು ಕುರಿ ಕಂದು ಹಾಕತೊಡಗುತ್ತದೆ. ಇದು ಟಗರಿನಿಂದ ಬರುವುದಲ್ಲ. ಬಾಯಿಯ ಮೂಲಕ ಹೊಟ್ಟೆ ಸೇರುವುದು. ಹೊಸದಾಗಿ ಮಂದೆಗೆ ತಂದ ಒಂದು ಕುರಿಯ ಕರುಳಿನಲ್ಲಿ ಜೀವಾಣು ಅಡಗಿದ್ದರೆ ಸಾಕು. ಕಂದು ಬಿದ್ದ ಜಾಗದ ಹುಲ್ಲು, ಮಾಸು, ನೀರು, ಎಲ್ಲವೂ ವಿಷವಾಗುತ್ತವೆ. ಬಿದ್ದ ಕಂದನ್ನು ಕುಕ್ಕಿದ ಕಾಗೆಗಳು ಅದನ್ನು ಇನ್ನೊಂದು ಹುಲ್ಲುಗಾವಲಿಗೆ ಒಯ್ಯುತ್ತವೆ. ಸತ್ತ ಕಂದಿನ ಪಿತ್ತಜನಕಾಂಗದ ಮೇಲೆ ಬಳೆಯಾಕಾರದ ಮಾಸಲು ಕಲೆಗಳು ಕೆಲವೊಮ್ಮೆ ಕಾಣಿಸುತ್ತವೆ. ಅನುಭವಿಯಾದ ಪಶುವೈದ್ಯನಿಗೆ ಅದು ಸಹಿ ಹಾಕಿದ ಕಾಗದದಂತೆ. ಒಮ್ಮೆ ಕಂದು ಹಾಕಿದ ಕುರಿ ಸಾಮಾನ್ಯವಾಗಿ ಮರುವರ್ಷ ನೆಮ್ಮದಿಯಾಗಿ ಈಯುತ್ತದೆ ಎಂಬುದೊಂದೇ ಸಮಾಧಾನ.

ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದಲ್ಲಿ, ಥಿಯೋಬಾಲ್ಡ್ ಸ್ಮಿತ್ ಎಂಬ ಮಹಾ ವಿಜ್ಞಾನಿ ಇದೇ ಪ್ರಶ್ನೆಯನ್ನು ಹಸುಗಳಲ್ಲಿ ಹಿಡಿದು ಹೊರಟಿದ್ದ. ದನಗಳ ಜ್ವರವನ್ನು ಉಣ್ಣೆಗಳು ಹರಡುತ್ತವೆಂದು 1893ರಲ್ಲಿ ತೋರಿಸಿಕೊಟ್ಟು ಹೆಸರಾಗಿದ್ದವನು ಈತ. ಹಸುಗಳು ಕಂದು ಹಾಕಲು ಬ್ರೂಸೆಲ್ಲಾ ಎಂಬ ರೋಗಾಣುವೇ ಕಾರಣವೆಂದು ಆ ಹೊತ್ತಿಗೆ ಲೋಕ ನಂಬಿತ್ತು. ಆದರೆ ಬ್ರೂಸೆಲ್ಲಾ ಸುಳಿವೇ ಇಲ್ಲದ ಹಸುಗಳೂ ಕಂದು ಹಾಕುತ್ತಿದ್ದವು. ಅಂತಹವುಗಳ ಮಾಸಿನಲ್ಲಿ 1918ರಲ್ಲಿ ಸ್ಮಿತ್ ಸುರುಳಿಯಾಕಾರದ ಜೀವಾಣುವನ್ನು ಕಂಡ. ಮರುವರ್ಷ ತನ್ನ ಸಹಾಯಕಿ ಟೇಲರ್ ಅವರೊಡನೆ ಅದಕ್ಕೆ 'ವಿಬ್ರಿಯೊ ಫೀಟಸ್' ಎಂದು ಹೆಸರಿಟ್ಟ. ಭ್ರೂಣವನ್ನು ಕೆಡಿಸುವ ಜೀವಾಣುವೆಂದು ತಾತ್ಪರ್ಯ.

ಹೋರಿಯ ಗುಟ್ಟು

ಇಷ್ಟಾದರೂ ಹಸುವಿನ ಗೊಡ್ಡುತನದ ಒಗಟು ಬಿಡಿಸಿರಲಿಲ್ಲ. ಕಂದು ಹಾಕುವುದು ಕಣ್ಣಿಗೆ ಕಾಣುವ ಅನಾಹುತ. ಅದಕ್ಕಿಂತ ಹೆಚ್ಚು ನಷ್ಟವನ್ನುಂಟುಮಾಡುವುದು ಕಣ್ಣಿಗೆ ಕಾಣದ ಅನಾಹುತ. ಹಾಲೆಂಡಿನ ಮೂವರು ಪಶುವೈದ್ಯರು, ಸ್ಯೋಲೆಮಾ, ಸ್ಟೆಗೆಂಗಾ ಮತ್ತು ಟೆರ್ಪ್‌ಸ್ಟ್ರಾ, ಈ ಜೀವಾಣು ಹೋರಿಯಿಂದ ಹಸುವಿಗೆ ಸಂಗಮದ ಮೂಲಕ ಹರಡುತ್ತದೆಂದೂ, ಅದರ ಮುಖ್ಯ ಫಲ ಗರ್ಭಸ್ರಾವವಲ್ಲ, ಬಂಜೆತನವೆಂದೂ 1949ರಲ್ಲಿ ಸ್ಪಷ್ಟಪಡಿಸಿದರು.

ನಡೆಯುವುದು ಹೀಗೆ. ಜೀವಾಣು ಹೋರಿಯ ಮುಂದೊಗಲಿನ ಸಣ್ಣ ಸಣ್ಣ ಮಡಿಕೆಗಳಲ್ಲಿ ನೆಲಸುತ್ತದೆ. ಅಲ್ಲಿ ಬಾವಿಲ್ಲ, ನೋವಿಲ್ಲ, ಕೀವಿಲ್ಲ. ವೀರ್ಯದ ಗುಣವೂ ಕೆಡುವುದಿಲ್ಲ. ಎಳೆಯ ಹೋರಿಗಳಲ್ಲಿ ಅದು ಬಹುಕಾಲ ನಿಲ್ಲದಿರಬಹುದು. ಆದರೆ ಮೂರು ನಾಲ್ಕು ವರ್ಷ ದಾಟಿದ ಹೋರಿಗಳಲ್ಲಿ ಈ ಮಡಿಕೆಗಳು ಆಳವಾಗುವುದರಿಂದ ಜೀವಾಣುವಿಗೆ ಶಾಶ್ವತ ಬಿಡಾರ ದೊರೆತಂತಾಗುತ್ತದೆ. ಅಂದರೆ ಹೆಸರುವಾಸಿಯಾದ, ಹತ್ತೂರಿನವರು ಹುಡುಕಿಕೊಂಡು ಬರುವ ಹಳೆಯ ಹೋರಿಯೇ ಹೆಚ್ಚು ಅಪಾಯಕಾರಿ! ಹರಕೆಗೆ ಬಿಟ್ಟು, ಯಾರ ಹಂಗೂ ಇಲ್ಲದೆ ಊರೂರು ಸುತ್ತುವ ಗೂಳಿಯ ಮುಂದೊಗಲನ್ನು ಪರೀಕ್ಷಿಸಿದವರು ಯಾರು?

ಹಸುವಿನ ಮೈಯಲ್ಲಿ ಕಥೆ ಬೇರೆ. ಗರ್ಭ ನಿಲ್ಲುತ್ತದೆ, ನಿಲ್ಲದೆ ಇಲ್ಲ. ಆದರೆ ಯೋನಿಯಿಂದ ಗರ್ಭಕೋಶಕ್ಕೆ ಏರಿದ ಜೀವಾಣು ಅಲ್ಲಿ ಸಣ್ಣಗೆ ಬಾವನ್ನುಂಟುಮಾಡುತ್ತದೆ. ಆ ಬಾವಿನಲ್ಲಿ ಎಳೆಯ ಭ್ರೂಣ ಉಳಿಯಲಾರದೆ ಕರಗಿಹೋಗುತ್ತದೆ. ಅದೆಷ್ಟು ಚಿಕ್ಕದೆಂದರೆ ಕೊಟ್ಟಿಗೆಯಲ್ಲಿ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಇಪ್ಪತ್ತೊಂದು ದಿನಕ್ಕೆ ಬರಬೇಕಾಗಿದ್ದ ಬೆದೆ ಮೂವತ್ತೈದಕ್ಕೆ ಬರುವುದರ ಗುಟ್ಟು ಇದೇ. ಕೆಲವು ಹಸುಗಳಲ್ಲಿ ಮಾತ್ರ ಭ್ರೂಣ ಇನ್ನಷ್ಟು ಕಾಲ ಬೆಳೆದು ನಾಲ್ಕರಿಂದ ಆರು ತಿಂಗಳೊಳಗೆ ಕಂದಾಗಿ ಬೀಳುತ್ತದೆ.

ಇಲ್ಲಿ ಮರೆಯಬಾರದ ಒಂದು ಸಂಗತಿಯುಂಟು. ಹಸು ತಾನಾಗಿಯೇ ಗುಣ ಹೊಂದುತ್ತದೆ. ಕೆಲವು ತಿಂಗಳುಗಳಲ್ಲಿ ಅದರ ಮೈ ರೋಗನಿರೋಧಕ ಶಕ್ತಿಯನ್ನು ಪಡೆದು ಗರ್ಭಕೋಶವನ್ನು ಶುದ್ಧಪಡಿಸಿಕೊಳ್ಳುತ್ತದೆ. ಅನಂತರ ಕಟ್ಟಿದ ಗರ್ಭ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಆ ಹೊತ್ತಿಗೆ ಹಸು ಸಂತೆಯಲ್ಲಿ ಮಾರಾಟವಾಗಿರುತ್ತದೆ! ಗುಣವಾಗಲಿದ್ದ ಹಸುವನ್ನು ಗೊಡ್ಡೆಂದು ಕಳೆದುಕೊಂಡು, ಗುಣವಾಗದ ಹೋರಿಗೆ ಹುರುಳಿ ತಿನ್ನಿಸುತ್ತ, ಹೊಸ ಕಡಸನ್ನು ತಂದು ಅದೇ ಹೋರಿಗೆ ಕೊಡಿಸಿದರೆ ಆಗುವುದೇನು? ಕಡಸಿನದೂ ಅದೇ ಗತಿ. ಕೆಲವು ಹಸುಗಳ ಯೋನಿಯಲ್ಲಿ ಜೀವಾಣು ಬಹುಕಾಲ ಉಳಿಯುವುದೂ ಉಂಟು. ಅವು ಶುದ್ಧವಾದ ಹೋರಿಗೆ ರೋಗವನ್ನು ಅಂಟಿಸಬಲ್ಲವು. ದೇಹ ಗುರುತು ಹಿಡಿದು ಹೊಡೆಯುವ ಹೊತ್ತಿಗೆ ಈ ಜೀವಾಣು ತನ್ನ ಮೈಯ ಮೇಲಿನ ಹೊದಿಕೆಯ ಸ್ವರೂಪವನ್ನೇ ಬದಲಾಯಿಸಿಬಿಡುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಹಳೆಯ ಕಥೆಗಳ ಬಹುರೂಪಿ ಕಳ್ಳರೂ ಇಷ್ಟು ಚತುರರಲ್ಲ.

ಪರಿಹಾರವೇನು? ಹೋರಿಯನ್ನೇ ದೂರವಿಡುವುದು. ಕೃತಕ ಗರ್ಭಧಾರಣೆ ಎಂದರೆ ಒಳ್ಳೆಯ ತಳಿಯನ್ನು ಪಡೆಯುವ ಉಪಾಯವೆಂದು ನಾವೆಲ್ಲ ತಿಳಿದಿದ್ದೇವೆ. ಅದು ನಿಜ. ಆದರೆ ಯೂರೋಪಿನಲ್ಲಿ, ವಿಶೇಷವಾಗಿ ಹಾಲೆಂಡಿನಲ್ಲಿ, ಅದು ಬೇರೂರಲು ಹೋರಿಯಿಂದ ಹರಡುವ ಇಂತಹ ರೋಗಗಳ ಭಯವೂ ಮುಖ್ಯ ಕಾರಣವಾಗಿತ್ತು. ಭಾರತದಲ್ಲಿ ಈ ವಿಧಾನ ಮೊದಲು ನಡೆದುದು ನಮ್ಮ ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಹೈನುಶಾಲೆಯಲ್ಲಿ ಡಾ॥ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕವಾಗಿ ಸೇರಿಸಿ ಕರುಗಳನ್ನು ಪಡೆದರು. ಅವರ ಗುರಿ ತಳಿಸುಧಾರಣೆ. ಆದರೂ ಹೋರಿಯ ಸಂಪರ್ಕವಿಲ್ಲದೆ ಹಸು ಗಬ್ಬವಾಗಬಹುದೆಂಬ ಮಾತು ಈ ನೆಲದಲ್ಲಿ ಆಗಲೇ ರುಜುವಾತಾಯಿತು.

ಹಾಗೆಂದು ಕೃತಕ ಗರ್ಭಧಾರಣೆ ತಾನಾಗಿಯೇ ರಕ್ಷಾಕವಚವಲ್ಲ. ರೋಗವುಳ್ಳ ಹೋರಿಯ ವೀರ್ಯವನ್ನು ನೂರು ಹಳ್ಳಿಗಳಿಗೆ ಕಳುಹಿಸಿದರೆ ರೋಗವೂ ನೂರು ಹಳ್ಳಿಗಳಿಗೆ ಹೋಗುತ್ತದೆ. ವೀರ್ಯವನ್ನು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿಟ್ಟರೂ ಈ ಜೀವಾಣು ಸಾಯದೆ ಉಳಿಯಬಲ್ಲದು. ಆದುದರಿಂದಲೇ ವೀರ್ಯಕ್ಕೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳಂತಹ ಔಷಧಗಳನ್ನು ಬೆರೆಸುವ ಪದ್ಧತಿ ಬಂದಿತು. ನಮ್ಮ ದೇಶದ ವೀರ್ಯ ಸಂಗ್ರಹಣ ಕೇಂದ್ರಗಳ ಹೋರಿಗಳನ್ನು ಕ್ಷಯ, ಬ್ರೂಸೆಲ್ಲಾಗಳ ಜೊತೆಗೆ ಈ ರೋಗಕ್ಕಾಗಿಯೂ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ. ಡೆನ್ಮಾರ್ಕಿನ ನೆರವಿನಿಂದ ಬೆಳೆದ ನಮ್ಮ ಹೆಸರಘಟ್ಟದಂತಹ ಕೇಂದ್ರದಲ್ಲಿ ಹೋರಿಯ ಮುಂದೊಗಲನ್ನು ತೊಳೆದ ನೀರನ್ನು ಪರೀಕ್ಷೆಗೆ ಕಳುಹಿಸುವುದು ಕೇಳಲು ಅಷ್ಟು ಹಿತವಾದ ಸಂಗತಿಯಲ್ಲದಿರಬಹುದು. ಆದರೆ ದೂರದ ಹಳ್ಳಿಯ ಬಡವನೊಬ್ಬನ ಹಸು 'ಗೊಡ್ಡು' ಎನ್ನಿಸಿಕೊಳ್ಳದೆ ಉಳಿಯುವುದು ಅದರಿಂದಲೇ.

ವೈದ್ಯರು ಎಪ್ಪತ್ತು ವರ್ಷ ಹಿಂದೆ

ಇತ್ತ ಮನುಷ್ಯರ ವೈದ್ಯರು ಏನು ಮಾಡುತ್ತಿದ್ದರು? ಅವರ ಕಣ್ಣಿಗೆ ಡೊಂಕುಕಡ್ಡಿ ಪಶುವೈದ್ಯರಿಗಿಂತ ಮೊದಲೇ ಬಿದ್ದಿತ್ತು ಎಂಬುದು ಈ ಕಥೆಯ ಸೋಜಿಗ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಕ್ಕಳ ವೈದ್ಯ ಥಿಯೋಡರ್ ಎಷರಿಕ್ 1886ರಲ್ಲಿ, ಭೇದಿಯಿಂದ ಸತ್ತ ಹಸುಗೂಸುಗಳ ಕರುಳಿನಲ್ಲಿ ಸುರುಳಿ ಜೀವಾಣುಗಳನ್ನು ಕಂಡು ಅವುಗಳ ಚಿತ್ರವನ್ನೂ ಬರೆದಿಟ್ಟಿದ್ದ. ಆದರೆ ಪ್ರಯೋಗಶಾಲೆಯಲ್ಲಿ ಅವನ್ನು ಬೆಳೆಸಲು ಅವನಿಂದಾಗಲಿಲ್ಲ. ಬೆಳೆಸಲಾಗದುದನ್ನು ಸಾಧಿಸುವುದೆಂತು? ಚಿತ್ರ ಚಿತ್ರವಾಗಿಯೇ ಉಳಿಯಿತು.

ಬೆಳೆಯದಿರಲು ಕಾರಣ ಈ ಜೀವಾಣುವಿನ ಮಡಿವಂತಿಕೆ. ಗಾಳಿಯಲ್ಲಿ ಇಪ್ಪತ್ತೊಂದು ಪಾಲು ಆಮ್ಲಜನಕವಿದೆ. ಇದಕ್ಕೆ ಐದು ಪಾಲು ಸಾಕು, ಹೆಚ್ಚಾದರೆ ಸೊರಗುತ್ತದೆ. ಪೂರ್ತಿ ತೆಗೆದುಬಿಟ್ಟರೂ ಆಗದು. ಜೊತೆಗೆ, ಮಲದಲ್ಲಿರುವ ಇತರ ಅಸಂಖ್ಯ ಜೀವಾಣುಗಳು ಬೇಗಬೇಗ ಬೆಳೆದು ಇದನ್ನು ಮುಚ್ಚಿಬಿಡುತ್ತವೆ. 1938ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಹಾಲಿನ ಮೂಲಕ 355 ಜನರಿಗೆ ಒಮ್ಮೆಲೇ ಭೇದಿ ತಗಲಿತು. ದನಗಳ ವಿಬ್ರಿಯೊ ಇದಕ್ಕೆ ಕಾರಣವಿರಬಹುದೆಂದು ಲೆವಿ ಎಂಬ ವೈದ್ಯ ಬರೆದ. ಕಿವಿಗೊಟ್ಟವರು ಕಡಿಮೆ. ಫ್ರಾನ್ಸಿನಲ್ಲಿ ವಿಂಜೆಂಟ್ ಎಂಬಾತ 1947ರಲ್ಲಿ ಜ್ವರದಿಂದ ನರಳುತ್ತಿದ್ದ ಮೂವರು ಗರ್ಭಿಣಿಯರ ರಕ್ತದಲ್ಲಿ ಅದೇ ವಿಬ್ರಿಯೊ ಫೀಟಸನ್ನು ಕಂಡ. ಅವರಲ್ಲಿ ಇಬ್ಬರಿಗೆ ಗರ್ಭಸ್ರಾವವಾಯಿತು. ಕುರಿಯ ದುಃಖ ಹೆಣ್ಣಿನ ದುಃಖವೂ ಆದ ಗಳಿಗೆ ಅದು.

ಅಮೆರಿಕದ ಅಟ್ಲಾಂಟಾ ನಗರದಲ್ಲಿ ಎಲಿಜಬೆತ್ ಕಿಂಗ್ ಎಂಬ ಜೀವಾಣುತಜ್ಞೆಯೊಬ್ಬರಿದ್ದರು. ನಾನಾ ಕಡೆಗಳಿಂದ ಬರುತ್ತಿದ್ದ, ಯಾರಿಗೂ ಗುರುತು ಸಿಗದ ಜೀವಾಣುಗಳನ್ನು ತಾಳ್ಮೆಯಿಂದ ವಿಂಗಡಿಸುವುದೇ ಆಕೆಯ ಕೆಲಸ. ರೋಗಿಗಳ ರಕ್ತದಿಂದ ಬಂದ ವಿಬ್ರಿಯೊಗಳಲ್ಲಿ ಒಂದು ಗುಂಪು ಬೇರೆಯೇ ಎಂದು 1957ರಲ್ಲಿ ಆಕೆ ಗುರುತಿಸಿದರು. ಅವು 42 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸೊಂಪಾಗಿ ಬೆಳೆಯುತ್ತಿದ್ದವು. ಮನುಷ್ಯನ ಮೈಶಾಖ 37 ಡಿಗ್ರಿ. ಹಾಗಾದರೆ 42 ಡಿಗ್ರಿಯನ್ನು ಬಯಸುವ ಜೀವಾಣುವಿನ ತವರುಮನೆ ಯಾವುದು? ಕೋಳಿಯ ಮೈಶಾಖ 41ರಿಂದ 42 ಡಿಗ್ರಿ! ಉತ್ತರ ಆ ಅಂಕಿಯಲ್ಲಿಯೇ ಅಡಗಿತ್ತು.

1963ರಲ್ಲಿ ಫ್ರಾನ್ಸಿನ ಸೆಬಾಲ್ಡ್ ಮತ್ತು ವೆರೋನ್ ಎಂಬ ವಿಜ್ಞಾನಿಗಳು ಇವು ಕಾಲರಾ ಕುಲಕ್ಕೆ ಸೇರಿದವಲ್ಲವೆಂದು ತೋರಿಸಿ 'ಕ್ಯಾಂಪಿಲೊಬ್ಯಾಕ್ಟರ್' ಎಂಬ ಹೊಸ ಹೆಸರನ್ನು ಕೊಟ್ಟರು. ಕೊನೆಗೂ ದಾರಿ ತೆರೆದುದು ಬೆಲ್ಜಿಯಂನಲ್ಲಿ. ಬ್ರಸೆಲ್ಸ್ ನಗರದ ವೈದ್ಯ ಬುಟ್ಸ್‌ಲೆರ್ ಪಶುವೈದ್ಯಕೀಯದ ಡೆಕೈಸರ್ ಜೊತೆಗೂಡಿದ. ಬಹು ಸಣ್ಣ ರಂಧ್ರಗಳ ಪೊರೆಯ ಮೂಲಕ ಮಲವನ್ನು ಸೋಸಿದರೆ ದಪ್ಪ ಜೀವಾಣುಗಳು ಮೇಲೆ ನಿಲ್ಲುತ್ತವೆ, ತೆಳ್ಳಗಿನ ಡೊಂಕುಕಡ್ಡಿ ಕೆಳಗಿಳಿಯುತ್ತದೆ. ಪಶುವೈದ್ಯರು ಬಳಸುತ್ತಿದ್ದ ಈ ಜಾಣ್ಮೆಯನ್ನು 1972ರಲ್ಲಿ ಭೇದಿಯ ರೋಗಿಗಳ ಮೇಲೆ ಪ್ರಯೋಗಿಸಿ ಅವರು ಗೆದ್ದರು. ಇಂಗ್ಲೆಂಡಿನ ವೂಸ್ಟರ್ ಊರಿನ ಮಾರ್ಟಿನ್ ಸ್ಕಿರೋ ಇನ್ನೂ ಸುಲಭವಾದ ದಾರಿಯನ್ನು ಹುಡುಕಿದ. ಇತರ ಜೀವಾಣುಗಳನ್ನು ಕೊಲ್ಲುವ ಔಷಧಗಳನ್ನು ಬೆಳೆಮಾಧ್ಯಮಕ್ಕೇ ಬೆರೆಸಿಬಿಟ್ಟ. ಭೇದಿಯಿಂದ ಬಂದ 803 ರೋಗಿಗಳಲ್ಲಿ 57 ಜನರಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಇದೆಯೆಂದು 1977ರಲ್ಲಿ ಅವನು ಪ್ರಕಟಿಸಿದಾಗ ವೈದ್ಯಲೋಕ ಬೆಚ್ಚಿತು. ಮೆಕ್‌ಫೇಡಿಯನ್ನನ ಕುರಿಯಿಂದ ಇಲ್ಲಿಗೆ ಎಪ್ಪತ್ತೊಂದು ವರ್ಷ. ಮನುಷ್ಯರ ವೈದ್ಯನೂ ದನದ ವೈದ್ಯನೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡಿದ್ದರೆ ಇಷ್ಟು ಕಾಲ ಬೇಕಾಗುತ್ತಿರಲಿಲ್ಲವೇನೋ!

ಒಬ್ಬ ಸಾಹಸಿಯ ಮಾತನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಎಷ್ಟು ಜೀವಾಣುಗಳು ಹೊಟ್ಟೆ ಸೇರಿದರೆ ರೋಗ ಬರುತ್ತದೆಂಬುದನ್ನು ತಿಳಿಯಲು ರಾಬಿನ್ಸನ್ ಎಂಬ ಆಂಗ್ಲ ವೈದ್ಯ ಒಂದು ಲೋಟ ಹಾಲಿಗೆ ಸುಮಾರು 500 ಜೀವಾಣುಗಳನ್ನು ಬೆರೆಸಿ ತಾನೇ ಕುಡಿದುಬಿಟ್ಟ. ಹೊಟ್ಟೆನುಲಿತ, ಭೇದಿ ಬಂದವು. 1981ರಲ್ಲಿ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಿದ. ಐನೂರು ಎಂದರೆ ಏನೂ ಅಲ್ಲ. ಹಸಿ ಕೋಳಿಯ ರಸದ ಒಂದು ಹನಿಯಲ್ಲಿ ಅಷ್ಟು ಇರಬಹುದು.

ಕೋಳಿಯ ಮನೆಯಲ್ಲಿ

ಕೋಳಿಮರಿಗಳು ಹುಟ್ಟುವಾಗ ಸಾಮಾನ್ಯವಾಗಿ ಶುದ್ಧವಾಗಿರುತ್ತವೆ. ಎರಡು ಮೂರು ವಾರಗಳವರೆಗೂ ಅವುಗಳ ಕರುಳಿನಲ್ಲಿ ಈ ಜೀವಾಣು ಕಾಣದು. ಅನಂತರ ಒಂದು ದಿನ ಎಲ್ಲಿಂದಲೋ ಪ್ರವೇಶವಾಗುತ್ತದೆ. ಆಳಿನ ಪಾದರಕ್ಷೆಯ ಕೆಸರು, ಶುದ್ಧೀಕರಿಸದ ನೀರು, ಒಂದು ನೊಣ, ಯಾವುದಾದರೂ ಸಾಕು. ಒಂದು ಕೋಳಿಗೆ ತಗಲಿದರೆ ಕೆಲವೇ ದಿನಗಳಲ್ಲಿ ಸಾವಿರಾರು ಕೋಳಿಗಳ ಇಡೀ ಹಿಂಡಿಗೆ ವ್ಯಾಪಿಸುತ್ತದೆ. ಒಂದು ಗ್ರಾಂ ಕರುಳಿನ ದ್ರವ್ಯದಲ್ಲಿ ಕೋಟಿಗಟ್ಟಲೆ ಜೀವಾಣುಗಳು. ಕೋಳಿ ಮಾತ್ರ ತಿನ್ನುತ್ತದೆ, ಕೊಬ್ಬುತ್ತದೆ, ರೆಕ್ಕೆ ಬಡಿಯುತ್ತದೆ. ಸಾಕಿದವನಿಗೆ ನಷ್ಟವಿಲ್ಲದುದರಿಂದ ಅವನಿಗೆ ಚಿಂತೆಯೂ ಇಲ್ಲ. ಹಸುವಿನ ರೋಗವನ್ನು ರೈತ ಹುಡುಕಿಸಿದ, ಏಕೆಂದರೆ ನಷ್ಟ ಅವನದು. ಕೋಳಿಯ ವಿಷಯದಲ್ಲಿ ನಷ್ಟ ತಿನ್ನುವವನದು. ಈ ವ್ಯತ್ಯಾಸದಿಂದಲೇ ಒಂದು ರೋಗ ಬಹುಮಟ್ಟಿಗೆ ಹತೋಟಿಗೆ ಬಂದಿತು, ಇನ್ನೊಂದು ಬರಲಿಲ್ಲ ಎಂದು ನನ್ನ ಅಭಿಪ್ರಾಯ.

ಮನುಷ್ಯನ ಭೇದಿಗೆ ಕೋಳಿ ಎಷ್ಟರ ಮಟ್ಟಿಗೆ ಕಾರಣ ಎಂಬುದನ್ನು ಯಾರೂ ಯೋಜಿಸದ ಒಂದು ಪ್ರಯೋಗ ತೋರಿಸಿಕೊಟ್ಟಿತು. 1999ರಲ್ಲಿ ಬೆಲ್ಜಿಯಂ ದೇಶದ ಕೋಳಿಯ ಆಹಾರದಲ್ಲಿ ಡಯಾಕ್ಸಿನ್ ಎಂಬ ವಿಷ ಬೆರೆತಿದ್ದುದು ಬಯಲಾಯಿತು. ಜೂನ್ ತಿಂಗಳಲ್ಲಿ ದೇಶದ ಅಂಗಡಿಗಳಿಂದ ಸ್ಥಳೀಯ ಕೋಳಿಯನ್ನೂ ಮೊಟ್ಟೆಯನ್ನೂ ತೆಗೆದುಹಾಕಿದರು. ಆ ಗಲಿಬಿಲಿಯಲ್ಲಿ ಪ್ರಯೋಗಶಾಲೆಗಳ ಪುಸ್ತಕಗಳಲ್ಲಿ ಒಂದು ವಿಚಿತ್ರ ದಾಖಲಾಯಿತು: ಜನರಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಭೇದಿ ನೂರಕ್ಕೆ ನಲವತ್ತರಷ್ಟು ಇಳಿದುಹೋಗಿತ್ತು. ಕೋಳಿ ಅಂಗಡಿಗೆ ಮರಳಿತು, ಭೇದಿಯೂ ಮರಳಿತು.

ತಡೆಯುವ ಪ್ರಯತ್ನಗಳಲ್ಲಿ ನನಗೆ ಮೆಚ್ಚುಗೆಯಾದುದು ಡೆನ್ಮಾರ್ಕಿನದು. ಬೇಸಿಗೆಯಲ್ಲಿ ಕೋಳಿಮನೆಯ ಗಾಳಿಕಿಂಡಿಗಳ ಮೂಲಕ ಸಾವಿರಾರು ನೊಣಗಳು ನುಗ್ಗುತ್ತವೆಂದು ಕಂಡ ಅಲ್ಲಿನ ವಿಜ್ಞಾನಿಗಳು 2006ರಲ್ಲಿ ಕೆಲವು ಮನೆಗಳ ಕಿಂಡಿಗಳಿಗೆ ನೊಣದ ಪರದೆ ಹಾಕಿಸಿದರು. ಪರದೆಯಿಲ್ಲದ ಮನೆಗಳಲ್ಲಿ ಅರ್ಧದಷ್ಟು ಹಿಂಡುಗಳಿಗೆ ಜೀವಾಣು ತಗಲಿದರೆ, ಪರದೆಯಿದ್ದ ಮನೆಗಳಲ್ಲಿ ನೂರಕ್ಕೆ ಹದಿನೈದರಷ್ಟಕ್ಕೆ ಮಾತ್ರ ತಗಲಿತು. ಇಷ್ಟು ಅಗ್ಗದ ಉಪಾಯ!

ಔಷಧದ ದಾರಿ ಇಷ್ಟು ನಿರಪಾಯವಲ್ಲ. ಕೋಳಿಗಳ ಇತರ ರೋಗಗಳಿಗಾಗಿ ಫ್ಲೋರೋಕ್ವಿನೊಲೋನ್ ಎಂಬ ಪ್ರಬಲ ಔಷಧವನ್ನು ಕುಡಿಯುವ ನೀರಿಗೆ ಬೆರೆಸುವ ಪದ್ಧತಿ ಬಂದಿತು. ಹಿಂಡಿನಲ್ಲಿ ಒಂದಕ್ಕೆ ಕಾಯಿಲೆಯಾದರೆ ಎಲ್ಲವಕ್ಕೂ ಔಷಧ. ಕರುಳಿನಲ್ಲಿ ತೆಪ್ಪಗಿದ್ದ ಡೊಂಕುಕಡ್ಡಿ ಆ ಔಷಧವನ್ನು ಅರಗಿಸಿಕೊಳ್ಳಲು ಕಲಿಯಿತು. ಹಾಲೆಂಡಿನಲ್ಲಿ 1982ರಲ್ಲಿ ಔಷಧಕ್ಕೆ ಬಗ್ಗದ ಕ್ಯಾಂಪಿಲೊಬ್ಯಾಕ್ಟರ್ ಕೋಳಿಯಲ್ಲಿಯೂ ಇರಲಿಲ್ಲ, ಮನುಷ್ಯನಲ್ಲಿಯೂ ಇರಲಿಲ್ಲ. 1989ರ ವೇಳೆಗೆ ಕೋಳಿಗಳಲ್ಲಿ ನೂರಕ್ಕೆ 14, ಮನುಷ್ಯರಲ್ಲಿ ನೂರಕ್ಕೆ 11 ಆಗಿತ್ತು. ಅಮೆರಿಕದಲ್ಲಿ ಈ ಔಷಧಕ್ಕೆ 1995ರಲ್ಲಿ ಅನುಮತಿ ದೊರೆಯಿತು. ಹತ್ತು ವರ್ಷಗಳ ಅನುಭವ ಮತ್ತು ದೀರ್ಘ ವ್ಯಾಜ್ಯದ ಅನಂತರ 2005ರ ಸೆಪ್ಟೆಂಬರಿನಲ್ಲಿ ಕೋಳಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಲಾಯಿತು.

ಕಾಗೆ, ಕುರಿ, ನಾಯಿಮರಿ

ಮಾಂಸ ತಿನ್ನದವರು ಇಷ್ಟು ಹೊತ್ತಿಗೆ ನಿಟ್ಟುಸಿರು ಬಿಟ್ಟಿರಬಹುದು. ಅವರ ನೆಮ್ಮದಿಯನ್ನು ಕದಡುವುದು ನನ್ನ ಉದ್ದೇಶವಲ್ಲ, ಆದರೆ ಡೊಂಕುಕಡ್ಡಿಗೆ ಜಾತಿಭೇದವಿಲ್ಲ. 1979ರಲ್ಲಿ ಇಂಗ್ಲೆಂಡಿನ ಲ್ಯೂಟನ್ ಊರಿನ ಸುತ್ತಮುತ್ತ ಸುಮಾರು ಎರಡೂವರೆ ಸಾವಿರ ಮಕ್ಕಳು ಕಾಯಿಲೆ ಬಿದ್ದುದು ಶಾಲೆಯಲ್ಲಿ ಕೊಟ್ಟ ಹಾಲಿನಿಂದ. ಹಾಲು ಬಂದೊಡನೆ ಒಲೆಯ ಮೇಲಿಟ್ಟು ಉಕ್ಕಿಸುವ ನಮ್ಮ ಹೆಂಗಳೆಯರ ಅಭ್ಯಾಸವನ್ನು ಹಳೆಯ ಕಾಲದ್ದೆಂದು ನಗುವವರು ಇದನ್ನು ಗಮನಿಸಬೇಕು. ಕಾಯಿಸಿದ ಹಾಲಿನಲ್ಲಿ ಈ ಜೀವಾಣು ಬದುಕದು. ಆದರೆ ಕಾಯಿಸಿ ಸೀಸೆಗೆ ತುಂಬಿದ ಮೇಲೆಯೂ ಅಪಾಯ ಬರಬಹುದೆಂದು ಅದೇ ದೇಶದಲ್ಲಿ ಮತ್ತೊಮ್ಮೆ ತಿಳಿದುಬಂದಿತು. ಮುಂಜಾನೆ ಬಾಗಿಲ ಮುಂದೆ ಇಟ್ಟ ಹಾಲಿನ ಸೀಸೆಗಳ ತಗಡಿನ ಮುಚ್ಚಳವನ್ನು ಕಾಗೆಯ ಜಾತಿಯ ಹಕ್ಕಿಗಳು ಕುಕ್ಕಿ ತೂತು ಮಾಡುತ್ತಿದ್ದವು; ಆ ಕೊಕ್ಕಿನಿಂದ ರೋಗ ಹಾಲಿಗಿಳಿಯುತ್ತಿತ್ತೆಂದು 1990ರ ಸುಮಾರಿಗೆ ವೈದ್ಯರು ಪತ್ತೆ ಹಚ್ಚಿದರು.

ಇನ್ನು ನೀರು. ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಎಂಬ ಹದಿನಾಲ್ಕು ಸಾವಿರ ಜನರ ಪುಟ್ಟ ಊರಿಗೆ ಕೊಳವೆಬಾವಿಗಳ ನೀರೇ ಆಧಾರ. ನೆಲದಾಳದ ನೀರು ಶುದ್ಧವೆಂಬ ನಂಬಿಕೆಯಿಂದ ಅದಕ್ಕೆ ಕ್ಲೋರಿನ್ ಬೆರೆಸುತ್ತಿರಲಿಲ್ಲ. 2016ರ ಆಗಸ್ಟ್ 5 ಮತ್ತು 6ರಂದು ಜಡಿಮಳೆ ಸುರಿಯಿತು. ಬಾವಿಯ ಹತ್ತಿರದ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕುರಿಗಳ ಹಿಕ್ಕೆ ಮಳೆಯ ನೀರಿನೊಡನೆ ಭೂಮಿಗಿಳಿದು ಬಾವಿಯನ್ನು ಸೇರಿತು. ಐದು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನಾಲ್ಕು ಸಾವುಗಳಿಗೆ ಇದರ ಸಂಬಂಧವಿರಬಹುದೆಂದು ಹೇಳಲಾಯಿತು.

ಭೇದಿ ಒಂದು ವಾರದಲ್ಲಿ ನಿಲ್ಲುತ್ತದೆ. ಬಹುಜನಕ್ಕೆ ಔಷಧವೂ ಬೇಡ. ಆದರೆ ಸುಮಾರು ಸಾವಿರಕ್ಕೊಬ್ಬರಲ್ಲಿ, ಭೇದಿ ವಾಸಿಯಾದ ಕೆಲವು ದಿನ ಅಥವಾ ವಾರಗಳ ಮೇಲೆ, ಕಾಲು ಜೋಮು ಹಿಡಿಯುತ್ತದೆ, ಬಲಗುಂದುತ್ತದೆ, ಆ ದೌರ್ಬಲ್ಯ ಮೇಲಕ್ಕೇರುತ್ತದೆ. ಜೀವಾಣುವಿನ ಮೈಯ ಅಂಶ ನಮ್ಮ ನರಗಳ ಅಂಶವನ್ನು ಹೋಲುವುದರಿಂದ, ಶತ್ರುವನ್ನು ಹೊಡೆಯಲು ಹೊರಟ ದೇಹದ ರಕ್ಷಕಪಡೆ ತನ್ನ ನರಗಳನ್ನೇ ಹೊಡೆಯುತ್ತದೆ. ಗಿಲಾನ್ ಬಾರೆ ಎಂಬ ಫ್ರೆಂಚ್ ವೈದ್ಯರ ಹೆಸರಿನ ಈ ವ್ಯಾಧಿ 2025ರ ಜನವರಿಯಲ್ಲಿ ಪುಣೆ ನಗರದ ಒಂದು ಭಾಗದಲ್ಲಿ ಹಠಾತ್ತಾಗಿ ಹೆಚ್ಚಿ, ಇನ್ನೂರಕ್ಕೂ ಮಿಕ್ಕ ಜನರಿಗೆ ತಗಲಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ರೋಗಿಗಳಲ್ಲಿ ಹಲವರ ಮಲದಲ್ಲಿ ಕಂಡುಬಂದುದು ಕ್ಯಾಂಪಿಲೊಬ್ಯಾಕ್ಟರ್. ಸಂದೇಹ ಹೋದುದು ಕುಡಿಯುವ ನೀರಿನ ಮೇಲೆ.

ಮನೆಗೆ ತಂದ ನಾಯಿಮರಿಯೂ ಈ ಪಟ್ಟಿಗೆ ಸೇರುತ್ತದೆ. ಎಳೆಯ ಮರಿಗಳಿಗೆ ಇದರಿಂದ ಭೇದಿಯಾಗುವುದುಂಟು. ಏನೂ ಆಗದೆ ಹೊತ್ತು ತಿರುಗುವುದೂ ಉಂಟು. ಅಮೆರಿಕದಲ್ಲಿ 2016ರಿಂದ 2018ರವರೆಗೆ ಅಂಗಡಿಗಳಲ್ಲಿ ಮಾರಿದ ಮರಿಗಳಿಂದ ನೂರಕ್ಕೂ ಹೆಚ್ಚು ಜನರಿಗೆ, ಔಷಧಗಳಿಗೆ ಬಗ್ಗದ ರೋಗ ತಗಲಿತು. ಮರಿಯನ್ನು ಮುದ್ದಾಡಿದ ಮಗು ಕೈ ತೊಳೆಯದೆ ಬಿಸ್ಕತ್ತಿಗೆ ಕೈಹಾಕುವುದನ್ನು ತಾಯಂದಿರು ತಡೆಯಬೇಕು.

ಅಡಿಗೆಮನೆಯ ವಿಷಯದಲ್ಲಿ ಎರಡು ಮಾತು. ನಮ್ಮವರು ಕೋಳಿಯನ್ನು ಚೆನ್ನಾಗಿ ಬೇಯಿಸುತ್ತಾರೆ. ಕುದಿಯುವ ಸಾರಿನಲ್ಲಿ ಈ ಜೀವಾಣು ಉಳಿಯುವಂತಿಲ್ಲ. ಅಪಾಯವಿರುವುದು ಬೇಯಿಸುವ ಮುಂಚೆ. ಹಸಿ ಮಾಂಸವನ್ನು ನಲ್ಲಿಯ ರಭಸದ ನೀರಿನಡಿ ತೊಳೆಯುವುದು ಶುಚಿತ್ವವೆಂದು ನಾವು ತಿಳಿಯುತ್ತೇವೆ. ಆದರೆ ಆ ನೀರಿನ ತುಂತುರು ಪಕ್ಕದಲ್ಲಿಟ್ಟ ಕೊತ್ತಂಬರಿ ಸೊಪ್ಪಿಗೂ ತೊಳೆದಿಟ್ಟ ತಟ್ಟೆಗೂ ಸಿಡಿಯುತ್ತದೆ. ಹಾಗೆ ತೊಳೆಯಬೇಡಿರೆಂದು 2014ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆ ದೇಶಕ್ಕೆಲ್ಲ ಸಾರಿತು. ತೊಳೆಯದೆ ಮನಸ್ಸು ಒಪ್ಪದವರು ಪಾತ್ರೆಯಲ್ಲಿ ನೀರು ಹಾಕಿಕೊಂಡು, ಸಿಡಿಯದಂತೆ ಅದ್ದಿ ತೆಗೆಯಬಹುದು. ಕೋಳಿ ಕತ್ತರಿಸಿದ ಮಣೆಯ ಮೇಲೆ, ಅದೇ ಚಾಕುವಿನಿಂದ, ಕೋಸಂಬರಿಯ ಸೌತೆಕಾಯಿಯನ್ನು ಹೆಚ್ಚಬಾರದು. ಮಾಂಸಕ್ಕೊಂದು ಮಣೆ, ತರಕಾರಿಗೊಂದು ಮಣೆ ಇರಲಿ. ಮಣೆ, ಚಾಕು, ಕೈ ಮೂರನ್ನೂ ಬಿಸಿನೀರು ಸೋಪಿನಿಂದ ತೊಳೆದು ಒಣಗಿಸಿದರೆ ಸಾಕು. ಒಣಗಿದ ಜಾಗದಲ್ಲಿ ಡೊಂಕುಕಡ್ಡಿ ಬಹು ಬೇಗ ಸಾಯುತ್ತದೆ.